ಅನಂತವನ್ನು ಕಳೆಯುವ ಪಾಠ: ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಪಠ್ಯಪುಸ್ತಕಗಳ ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದಿನ ಮಾತು. ಎಂ.ಎಸ್ಸಿ. ಅಂತಿಮ ವರ್ಷದ ಮೌಖಿಕ ಪರೀಕ್ಷೆ ನಡೆದಿತ್ತು. ವಿದ್ಯಾರ್ಥಿನಿಯೊಬ್ಬಳು ಎಲೆಕ್ಟ್ರಾನಿನ ಮ್ಯಾಗ್ನೆಟಿಕ್ ಮೊಮೆಂಟಿಗೆ ಕ್ವಾಂಟಂ ಕ್ಷೇತ್ರ ಸಿದ್ಧಾಂತ ನೀಡುವ ಮೊದಲ ತಿದ್ದುಪಡಿಯನ್ನು ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದಳು. ಎರಡು ಹಲಗೆ ತುಂಬುವಷ್ಟು ಉದ್ದದ ಲೆಕ್ಕ. ಎಲ್ಲಿಯೂ ಒಂದು ಚಿಹ್ನೆ ತಪ್ಪಲಿಲ್ಲ. ಆಲ್ಫಾವನ್ನು ಎರಡು ಪೈನಿಂದ ಭಾಗಿಸಿದಾಗ ಸಿಗುವ 0.00116 ಎಂಬ ಉತ್ತರ ಕೊನೆಗೆ ಬಂತು. 1948ರಲ್ಲಿ ಜೂಲಿಯನ್ ಶ್ವಿಂಗರ್ ಪಡೆದ ಉತ್ತರವೂ ಇದೇ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೆಚ್ಚಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು: "ಇದೇ ಫೈನ್‌ಮನ್ ಚಿತ್ರದಿಂದ ಇನ್ನೊಂದು ಪದವೂ ಬರುತ್ತದಲ್ಲಮ್ಮ, ಅದರ ಬೆಲೆ ಅನಂತ. ಅದನ್ನು ಬಿಟ್ಟು ಇದನ್ನು ಮಾತ್ರ ಇಟ್ಟುಕೊಳ್ಳಲು ನಿನಗೆ ಅನುಮತಿ ಕೊಟ್ಟವರು ಯಾರು?"

"ಅದನ್ನು ರೀನಾರ್ಮಲೈಸ್ ಮಾಡಿ ಕಳೆಯುತ್ತೇವೆ ಸರ್" ಎಂದಳು. "ಏಕೆ ಕಳೆಯಬಹುದು?" ಎಂದು ಅವರು ಮತ್ತೆ ಕೇಳಿದಾಗ ಅವಳು ನನ್ನ ಕಡೆ ನೋಡಿದಳು. ಆ ಪಾಠ ಮಾಡಿದವನು ನಾನೇ. ಲೆಕ್ಕ ಮಾಡುವ ರೀತಿಯನ್ನು ಅವಳಿಗೆ ಚೆನ್ನಾಗಿ ಕಲಿಸಿದ್ದೆ. ಆ ಲೆಕ್ಕಕ್ಕೆ ಅರ್ಥ ಏಕಿದೆ ಎಂಬುದನ್ನು ಕಲಿಸಿರಲಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಹೇಳೋಣವೆಂದುಕೊಂಡಿದ್ದೆ, ಆದರೆ ಆ ವಿಷಯಕ್ಕೆ ಮುಂದಿನ ಸೆಮಿಸ್ಟರ್ ಎಂಬುದೇ ಇರಲಿಲ್ಲ.

ಆ ದಿನದ ನಂತರ, ನಾವು ಪಾಠಕ್ಕೆ ಬಳಸುವ ಪುಸ್ತಕಗಳನ್ನು ಒಂದೊಂದಾಗಿ ಮತ್ತೆ ತೆರೆದು ಓದಿದೆ. ಯಾವ ಪುಸ್ತಕ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ, ಎಷ್ಟನೆಯ ಪುಟದಲ್ಲಿ ಕೊಡುತ್ತದೆ, ಅಲ್ಲಿಯವರೆಗೆ ನಮ್ಮ ವಿದ್ಯಾರ್ಥಿ ತಲುಪುತ್ತಾನೆಯೇ ಎಂದು ನೋಡಿದೆ. ಈ ಲೇಖನ ಆ ಓದಿನ ಫಲ. ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಆಧುನಿಕ ತಿಳಿವಳಿಕೆ 1970ರ ದಶಕದಲ್ಲೇ ರೂಪುಗೊಂಡಿದೆ. ಆದರೆ ಪಾಠದ ಕ್ರಮ ಇನ್ನೂ 1950ರ ದಶಕದಲ್ಲೇ ನಿಂತಿದೆ. ನನ್ನ ಆಕ್ಷೇಪ ಇಷ್ಟೇ. ಇದನ್ನು ಹಂತ ಹಂತವಾಗಿ ನಿಮ್ಮ ಮುಂದಿಡುತ್ತೇನೆ.

ಕ್ಷೇತ್ರ ಏಕೆ ಬೇಕು?

ಮೊದಲು ವಿಷಯದ ಪರಿಚಯ. ಶ್ರೋಡಿಂಗರ್ ಸಮೀಕರಣದಲ್ಲಿ ಕಣಗಳ ಸಂಖ್ಯೆ ಬದಲಾಗುವುದಿಲ್ಲ. ಒಂದು ಎಲೆಕ್ಟ್ರಾನ್ ಎಂದು ಆರಂಭಿಸಿದರೆ ಕೊನೆಯವರೆಗೂ ಒಂದೇ ಎಲೆಕ್ಟ್ರಾನ್. ಆದರೆ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಶಕ್ತಿ ದ್ರವ್ಯರಾಶಿಯಾಗಿ ಬದಲಾಗಬಹುದು. ಸಾಕಷ್ಟು ಶಕ್ತಿಯಿದ್ದರೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ಜೋಡಿ ಹುಟ್ಟಬಹುದು, ಸಾಯಲೂಬಹುದು. ಕಣಗಳ ಸಂಖ್ಯೆಯೇ ಸ್ಥಿರವಲ್ಲದಿದ್ದರೆ ಒಂದು ಕಣದ ತರಂಗ ಫಲನದಿಂದ ಕೆಲಸ ನಡೆಯದು. ಆದ್ದರಿಂದ ಕಣಕ್ಕಿಂತ ಕ್ಷೇತ್ರವನ್ನು ಮೂಲವೆಂದು ಹಿಡಿಯುತ್ತೇವೆ. ಕ್ಷೇತ್ರವೆಂದರೆ ಅಸಂಖ್ಯಾತ ಸರಳ ಆಂದೋಲಕಗಳ ಸಮೂಹ. ಪ್ರತಿಯೊಂದು ತರಂಗದೂರಕ್ಕೂ ಒಂದೊಂದು ಆಂದೋಲಕ. ಆಂದೋಲಕದ ಶಕ್ತಿಮಟ್ಟ ಒಂದು ಮೆಟ್ಟಿಲು ಏರಿದರೆ ಒಂದು ಕಣ ಹುಟ್ಟಿತು ಎಂದರ್ಥ.

ತೊಂದರೆ ಆರಂಭವಾಗುವುದೂ ಇಲ್ಲಿಯೇ. ತರಂಗದೂರ ಎಷ್ಟು ಬೇಕಾದರೂ ಚಿಕ್ಕದಾಗಬಹುದು ಎಂದರೆ ಆಂದೋಲಕಗಳ ಸಂಖ್ಯೆ ಅನಂತ. ಒಂದು ಎಲೆಕ್ಟ್ರಾನ್ ತಾನೇ ಹೊರಬಿಟ್ಟ ಫೋಟಾನನ್ನು ತಾನೇ ಹೀರಿಕೊಳ್ಳುವ ಪ್ರಕ್ರಿಯೆಯನ್ನು ಲೆಕ್ಕ ಹಾಕುವಾಗ ಇವೆಲ್ಲವನ್ನೂ ಕೂಡಬೇಕು. ಕೂಡಿದರೆ ಮೊತ್ತ ಅನಂತ. 1930ರ ದಶಕದಲ್ಲಿ ಇಡೀ ಸಿದ್ಧಾಂತ ಇದೇ ಕಾರಣಕ್ಕೆ ಮೂಲೆ ಸೇರಿತ್ತು. 1940ರ ದಶಕದ ಕೊನೆಯಲ್ಲಿ ಟೊಮೊನಾಗ, ಶ್ವಿಂಗರ್, ಫೈನ್‌ಮನ್ ಮತ್ತು ಡೈಸನ್ ಇವರು, ಈ ಅನಂತಗಳನ್ನೆಲ್ಲ ಎಲೆಕ್ಟ್ರಾನಿನ ದ್ರವ್ಯರಾಶಿ, ವಿದ್ಯುದಂಶ ಮುಂತಾದ ಕೆಲವೇ ರಾಶಿಗಳೊಳಗೆ ಸೇರಿಸಿಬಿಡಬಹುದೆಂದು ತೋರಿಸಿದರು. ಆ ರಾಶಿಗಳ ಬೆಲೆಯನ್ನು ಪ್ರಯೋಗದಿಂದ ತೆಗೆದುಕೊಂಡರೆ ಉಳಿದ ಉತ್ತರಗಳೆಲ್ಲ ಸಾಂತ. ಇದಕ್ಕೇ ರೀನಾರ್ಮಲೈಸೇಷನ್ ಎಂದು ಹೆಸರು. ಈ ವಿಧಾನ ಅದ್ಭುತವಾಗಿ ಫಲಿಸಿತು. ಆದರೆ ಏಕೆ ಫಲಿಸುತ್ತದೆ ಎಂಬುದು ಸ್ಪಷ್ಟವಾಗಲಿಲ್ಲ. ಡಿರಾಕ್ ಕೊನೆಯವರೆಗೂ ಇದನ್ನು ಒಪ್ಪಲಿಲ್ಲ. ಸ್ವತಃ ಫೈನ್‌ಮನ್ ಅವರಿಗೂ, ನೊಬೆಲ್ ಪಡೆದ ಎರಡು ದಶಕಗಳ ನಂತರವೂ, ಈ ಬಗ್ಗೆ ಸಮಾಧಾನವಿರಲಿಲ್ಲ.

ಹಳೆಯ ದಾರಿ

ನಮ್ಮ ತಲೆಮಾರಿನವರು ಈ ವಿಷಯವನ್ನು ಕಲಿತದ್ದು ಬ್ಯೋರ್ಕನ್ ಮತ್ತು ಡ್ರೆಲ್ ಬರೆದ ಎರಡು ಸಂಪುಟಗಳಿಂದ. 1964ರಲ್ಲಿ ಮೊದಲನೆಯದು, 1965ರಲ್ಲಿ ಎರಡನೆಯದು ಪ್ರಕಟವಾದವು. ಮೊದಲ ಸಂಪುಟದಲ್ಲಿ ಕ್ಷೇತ್ರವೇ ಇಲ್ಲ! ಡಿರಾಕ್ ಸಮೀಕರಣದಿಂದ ಹೊರಟು, ಪ್ರೊಪಗೇಟರ್ ಎಂಬ ಸಾಧನವನ್ನು ಕಟ್ಟಿಕೊಂಡು, ಫೈನ್‌ಮನ್ ಚಿತ್ರಗಳ ಮೂಲಕ ನೇರವಾಗಿ ಲೆಕ್ಕಕ್ಕೆ ಇಳಿಯುತ್ತದೆ. ಕ್ಷೇತ್ರಗಳನ್ನು ಕ್ವಾಂಟೀಕರಿಸುವ ಕೆಲಸ ಎರಡನೆಯ ಸಂಪುಟಕ್ಕೆ ಸೇರಿದ್ದು.

ಈ ಪುಸ್ತಕದ ಗುಣವನ್ನು ಮರೆಯಬಾರದು. ಕೈಗೆ ಲೆಕ್ಕ ಹತ್ತುತ್ತಿತ್ತು. ಕಾಂಪ್ಟನ್ ಚದುರಿಕೆಯ ಲೆಕ್ಕವನ್ನು ಕಣ್ಣುಮುಚ್ಚಿ ಮಾಡಬಲ್ಲ ವಿದ್ಯಾರ್ಥಿಗಳನ್ನು ಅದು ತಯಾರು ಮಾಡಿತು. ಆದರೆ ಎರಡು ಅಭ್ಯಾಸಗಳನ್ನೂ ಕಲಿಸಿತು. ಸಿದ್ಧಾಂತವೆಂದರೆ ಚಿತ್ರಗಳಿಗೆ ನಿಯಮ ಹಚ್ಚುವುದು ಎಂಬ ಭಾವನೆ ಒಂದು. ಅನಂತ ಬಂದರೆ ಅದು ರೋಗ, ರೀನಾರ್ಮಲೈಸೇಷನ್ ಅದಕ್ಕೆ ಔಷಧ ಎಂಬ ಭಾವನೆ ಇನ್ನೊಂದು. ಔಷಧ ಹೇಗೆ ಕೆಲಸ ಮಾಡುತ್ತದೆಂದು ರೋಗಿ ಕೇಳುವ ಪದ್ಧತಿಯಿಲ್ಲ. ಪುಸ್ತಕ ಬರೆದ ಕಾಲಕ್ಕೆ ಅದರ ಉತ್ತರವೂ ಸಿಕ್ಕಿರಲಿಲ್ಲವಾದ್ದರಿಂದ ಲೇಖಕರನ್ನು ದೂರುವಂತಿಲ್ಲ. ಉತ್ತರ ಸಿಕ್ಕಿದ ಮೇಲೂ ಅದೇ ಭಾವನೆಯನ್ನು ಮುಂದುವರಿಸಿದ ನಮ್ಮಂಥ ಅಧ್ಯಾಪಕರನ್ನು ದೂರಬೇಕು.

ಪೆಸ್ಕಿನ್ ಮತ್ತು ಶ್ರೋಡರ್

1995ರಲ್ಲಿ ಮೈಕೆಲ್ ಪೆಸ್ಕಿನ್ ಮತ್ತು ಡೇನಿಯಲ್ ಶ್ರೋಡರ್ ಅವರ ಪುಸ್ತಕ ಬಂತು. ಎಂಟುನೂರಕ್ಕೂ ಹೆಚ್ಚು ಪುಟ, 22 ಅಧ್ಯಾಯ, ಮೂರು ಭಾಗ. ಅಂದಿನಿಂದ ಜಗತ್ತಿನ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಕ್ವಾಂಟಂ ಕ್ಷೇತ್ರ ಸಿದ್ಧಾಂತವೆಂದರೆ ಈ ಪುಸ್ತಕ ಎಂಬಂತಾಗಿದೆ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ಡಿಕ್ಕಿ ಹೊಡೆದು ಮ್ಯೂಆನ್ ಜೋಡಿಯಾಗುವ ಒಂದೇ ಪ್ರಕ್ರಿಯೆಯನ್ನು ಮೊದಲ ಅಧ್ಯಾಯದಲ್ಲೇ ಎತ್ತಿಕೊಂಡು, ಅದರ ಸುತ್ತ ವಿಷಯವನ್ನು ಬೆಳೆಸುತ್ತಾರೆ. ಲೆಕ್ಕದ ಹಂತಗಳನ್ನು ಮುಚ್ಚಿಡುವುದಿಲ್ಲ. ಅಧ್ಯಾಯಗಳ ಕೊನೆಯ ಸಮಸ್ಯೆಗಳು ನಿಜವಾಗಿಯೂ ಸಂಶೋಧನೆಗೆ ಹತ್ತಿರವಾದವು.

ಈಗ ನಮ್ಮ ಪರೀಕ್ಷಕರ ಪ್ರಶ್ನೆಯನ್ನು ಹಿಡಿದು ಈ ಪುಸ್ತಕವನ್ನು ನೋಡಿ. ಎಲೆಕ್ಟ್ರಾನಿನ ಮ್ಯಾಗ್ನೆಟಿಕ್ ಮೊಮೆಂಟಿನ ಲೆಕ್ಕ ಬರುವುದು 6ನೆಯ ಅಧ್ಯಾಯದಲ್ಲಿ. ಅದೇ ಚಿತ್ರದಿಂದ ಎರಡು ಪದಗಳು ಬರುತ್ತವೆ. ಒಂದು ವಿದ್ಯುದಂಶಕ್ಕೆ ಸಂಬಂಧಿಸಿದ್ದು, ಅದು ಅನಂತ. ಇನ್ನೊಂದು ಮ್ಯಾಗ್ನೆಟಿಕ್ ಮೊಮೆಂಟಿಗೆ ಸಂಬಂಧಿಸಿದ್ದು, ಅದು ಸಾಂತ. ಮೊದಲನೆಯದರಿಂದ ಒಂದು ರಾಶಿಯನ್ನು ಕಳೆಯುತ್ತಾರೆ. ಅದಕ್ಕೆ ಸಮರ್ಥನೆ ಮುಂದಿನ ಅಧ್ಯಾಯದಲ್ಲಿ ಬರುತ್ತದೆ ಎನ್ನುತ್ತಾರೆ. 7ನೆಯ ಅಧ್ಯಾಯದಲ್ಲಿ ಆ ಸಮರ್ಥನೆ ಬರುವುದು ನಿಜ, ಆದರೆ ಅದು ಬೀಜಗಣಿತದ ಸಮರ್ಥನೆ. ಕಳೆಯುವ ಕೆಲಸ ಎಲ್ಲಾ ಹಂತಗಳಲ್ಲೂ ವ್ಯವಸ್ಥಿತವಾಗಿ ಸಾಗುತ್ತದೆಂದು 10ನೆಯ ಅಧ್ಯಾಯ ತೋರಿಸುತ್ತದೆ. ಇದೆಲ್ಲದರ ಭೌತಿಕ ಅರ್ಥವೇನು ಎಂಬ ವಿಲ್ಸನ್ನರ ದೃಷ್ಟಿ ಸಿಗುವುದು 12ನೆಯ ಅಧ್ಯಾಯದಲ್ಲಿ. ಪ್ರಶ್ನೆ ಹುಟ್ಟುವ ಜಾಗಕ್ಕೂ ಉತ್ತರ ಸಿಗುವ ಜಾಗಕ್ಕೂ ಸುಮಾರು ಇನ್ನೂರು ಪುಟಗಳ ಅಂತರ.

ಆ 12ನೆಯ ಅಧ್ಯಾಯ ಬಹಳ ಚೆನ್ನಾಗಿದೆ ಎಂಬುದನ್ನೂ ಹೇಳಬೇಕು. ಆದರೆ ಹದಿನಾರು ವಾರಗಳ ಒಂದು ಸೆಮಿಸ್ಟರಿನಲ್ಲಿ, ಹಬ್ಬ, ರಜೆ, ಆಂತರಿಕ ಪರೀಕ್ಷೆಗಳ ನಡುವೆ, ನಾವು ಎಲ್ಲಿಯವರೆಗೆ ತಲುಪುತ್ತೇವೆ? ನನ್ನ ಅನುಭವದಲ್ಲಿ 6ನೆಯ ಅಧ್ಯಾಯ ಮುಟ್ಟಿದರೆ ಅದೇ ಹೆಚ್ಚು. ಹೀಗಾಗಿ ಪ್ರಶ್ನೆಯನ್ನು ತಲೆಯಲ್ಲಿ ತುಂಬಿಕೊಂಡು, ಉತ್ತರವನ್ನು ಪುಸ್ತಕದಲ್ಲೇ ಬಿಟ್ಟು ವಿದ್ಯಾರ್ಥಿ ಹೊರಬರುತ್ತಾನೆ. ಸಂಶೋಧನೆಗೆ ಹೋಗುವ ಕೆಲವರು ಮುಂದೆ ಓದಿಕೊಳ್ಳುತ್ತಾರೆ. ಉಳಿದವರು ಕಾಲೇಜುಗಳಲ್ಲಿ ಅಧ್ಯಾಪಕರಾಗುತ್ತಾರೆ. ಆಧುನಿಕ ಭೌತ ವಿಜ್ಞಾನದ ಅತ್ಯಂತ ಯಶಸ್ವಿ ಸಿದ್ಧಾಂತವು ಒಂದು ಕೈಚಳಕವೆಂಬ ಭಾವನೆಯನ್ನು ಮುಂದಿನ ತಲೆಮಾರಿಗೂ ದಾಟಿಸುತ್ತಾರೆ. ನನಗೆ ಚಿಂತೆಯಾಗಿರುವುದು ಇದೇ.

ಬಿ.ಎಸ್ಸಿ. ತರಗತಿಯ ಒಂದು ತಂತಿ

"ಆ ದೃಷ್ಟಿ ಅಷ್ಟು ಕಠಿಣವಾದುದರಿಂದಲೇ ತಡವಾಗಿ ಬರುತ್ತದೆ" ಎಂದು ನೀವು ಹೇಳಬಹುದು. ಹಾಗೇನೂ ಇಲ್ಲ. ಅದರ ತಿರುಳನ್ನು ಬಿ.ಎಸ್ಸಿ. ವಿದ್ಯಾರ್ಥಿಗೂ ತಿಳಿಸಬಹುದು. ಸ್ಥಾಯಿ ವಿದ್ಯುತ್ತಿನ ಒಂದು ಹಳೆಯ ಲೆಕ್ಕವನ್ನು ತೆಗೆದುಕೊಳ್ಳಿ: ಎರಡೂ ಕಡೆ ಅನಂತವಾಗಿ ಚಾಚಿರುವ, ಸಮನಾಗಿ ವಿದ್ಯುದಂಶ ಹರಡಿರುವ ನೇರ ತಂತಿ.

ಈ ತಂತಿಯಿಂದ ಸ್ವಲ್ಪ ದೂರದಲ್ಲಿರುವ ಒಂದು ಬಿಂದುವಿನಲ್ಲಿ ವಿಭವ ಎಷ್ಟು? ತಂತಿಯ ಪ್ರತಿಯೊಂದು ಚೂರಿನಿಂದ ಬರುವ ವಿಭವವನ್ನು ಕೂಡುತ್ತಾ ಹೋಗಿ. ಮೊತ್ತ ಅನಂತ! ಆದರೂ ಯಾವ ಅಧ್ಯಾಪಕನೂ ಇದರಿಂದ ಗಾಬರಿಯಾಗುವುದಿಲ್ಲ. ತಂತಿಯ ಉದ್ದಕ್ಕೆ ಒಂದು ಮಿತಿ ಹಾಕಿ ನೋಡಿದರೆ, ವಿಭವದಲ್ಲಿ ಆ ಉದ್ದದ ಲಾಗರಿದಮ್ ಬರುತ್ತದೆ. ಎರಡು ಬಿಂದುಗಳ ವಿಭವಾಂತರವನ್ನು ಕಂಡುಹಿಡಿದರೆ ಉದ್ದ ಕಳೆದುಹೋಗಿ, ಎರಡು ದೂರಗಳ ಅನುಪಾತದ ಲಾಗರಿದಮ್ ಮಾತ್ರ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಅಳೆಯುವುದು ವಿಭವಾಂತರವನ್ನೇ.

ಈ ಸರಳ ಲೆಕ್ಕದಲ್ಲಿ ಕಲಿಯಬೇಕಾದ ಸಂಗತಿಗಳು ಮೂರಿವೆ. ಮೊದಲನೆಯದು, ಅನಂತ ಬಂದದ್ದು ಪ್ರಕೃತಿಯಿಂದಲ್ಲ. ತಂತಿ ಎಲ್ಲೂ ಮುಗಿಯುವುದಿಲ್ಲ ಎಂಬ, ನಾವು ಪರೀಕ್ಷಿಸಿ ನೋಡದ ಊಹೆಯಿಂದ ಬಂದದ್ದು. ಎರಡನೆಯದು, ವಿಭವಕ್ಕೆ ಬೆಲೆ ಕೊಡಬೇಕಾದರೆ ಯಾವುದಾದರೊಂದು ದೂರವನ್ನು ಆಧಾರವಾಗಿ ಇಟ್ಟುಕೊಳ್ಳಲೇಬೇಕು. ಯಾವ ದೂರವೆಂಬುದು ನಮ್ಮ ಇಷ್ಟ, ಆದರೆ ಅಳೆಯುವ ರಾಶಿ ನಮ್ಮ ಇಷ್ಟವನ್ನು ಅವಲಂಬಿಸದು. ಮೂರನೆಯದೇ ಮುಖ್ಯ. ತಂತಿ ನಿಜವಾಗಿ ಎರಡು ಮೀಟರ್ ಉದ್ದವಿದ್ದು, ಅದರ ನಡುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ನೀವು ವಿದ್ಯುತ್ ಕ್ಷೇತ್ರವನ್ನು ಅಳೆದರೆ, ಅನಂತ ತಂತಿಯ ಸೂತ್ರ ಎಷ್ಟು ತಪ್ಪುತ್ತದೆ? ಇಪ್ಪತ್ತು ಸಾವಿರದಲ್ಲಿ ಒಂದು ಭಾಗ ಮಾತ್ರ. ಈ ತಪ್ಪು, ದೂರಕ್ಕೂ ತಂತಿಯ ಅರ್ಧ ಉದ್ದಕ್ಕೂ ಇರುವ ಅನುಪಾತದ ವರ್ಗದ ಅರ್ಧದಷ್ಟು. ಎಂದರೆ ತಂತಿಯ ತುದಿಯನ್ನು ನೋಡದೆಯೇ ನಾವು ನಿಖರವಾದ ಲೆಕ್ಕ ಮಾಡಬಹುದು. ಅಳತೆ ಇನ್ನೂ ಸೂಕ್ಷ್ಮವಾದರೆ, ತುದಿ ಎಲ್ಲೋ ಇದೆ ಎಂಬುದನ್ನು ಇಲ್ಲಿಂದಲೇ ಪತ್ತೆಹಚ್ಚಲೂಬಹುದು.

ತಂತಿಯಲ್ಲಿ ನಮಗೆ ಗೊತ್ತಿಲ್ಲದ್ದು ಅತಿ ದೊಡ್ಡ ದೂರಗಳ ಸಂಗತಿ. ಕ್ಷೇತ್ರ ಸಿದ್ಧಾಂತದಲ್ಲಿ ಗೊತ್ತಿಲ್ಲದ್ದು ಅತಿ ಚಿಕ್ಕ ದೂರಗಳ ಸಂಗತಿ. ಈ ಒಂದು ವ್ಯತ್ಯಾಸವನ್ನು ಬಿಟ್ಟರೆ ವಾದ ಒಂದೇ.

ವಿಲ್ಸನ್ ತೋರಿದ ದೃಷ್ಟಿ

ಈ ವಾದವನ್ನು ಕ್ಷೇತ್ರ ಸಿದ್ಧಾಂತಕ್ಕೆ ಪೂರ್ಣವಾಗಿ ಅನ್ವಯಿಸಿ ತೋರಿಸಿದವರು ಕೆನೆತ್ ವಿಲ್ಸನ್. ಲಿಯೋ ಕಡನಾಫ್ 1966ರಲ್ಲಿ ಕಾಂತಗಳ ಬಗ್ಗೆ ಮಂಡಿಸಿದ್ದ ಒಂದು ಕಲ್ಪನೆಯನ್ನು ಬೆಳೆಸಿ, 1971ರಲ್ಲಿ ವಿಲ್ಸನ್ ತಮ್ಮ ಪ್ರಬಂಧಗಳನ್ನು ಪ್ರಕಟಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಹಾದಿ ಹೀಗಿದೆ: ಅತಿ ಚಿಕ್ಕ ತರಂಗದೂರದ ಆಂದೋಲಕಗಳನ್ನು ಒಮ್ಮೆಲೇ ಎಲ್ಲವನ್ನೂ ಕೂಡಬೇಡಿ. ಒಂದು ಮಿತಿ ಇಟ್ಟುಕೊಳ್ಳಿ. ಮಿತಿಯ ಸಮೀಪದ ಒಂದು ಪದರವನ್ನು ಮಾತ್ರ ಕೂಡಿ, ಅದರ ಪರಿಣಾಮ ಏನೆಂದು ನೋಡಿ. ಉಳಿದ ಸಿದ್ಧಾಂತದ ರೂಪ ಹಾಗೆಯೇ ಇದ್ದು, ಅದರ ಸ್ಥಿರಾಂಕಗಳು ಮಾತ್ರ ಸ್ವಲ್ಪ ಬದಲಾಗುತ್ತವೆ. ಹೀಗೆ ಪದರ ಪದರವಾಗಿ ಕೆಳಗಿಳಿಯುತ್ತಾ ಬಂದರೆ, ಕೆಲವು ಸ್ಥಿರಾಂಕಗಳು ಉಳಿಯುತ್ತವೆ, ಮಿಕ್ಕವು ಕ್ಷೀಣಿಸಿ ಹೋಗುತ್ತವೆ.

ಇದರಿಂದ ಎರಡು ವಿಷಯಗಳು ತಿಳಿಯುತ್ತವೆ. ಚಿಕ್ಕ ದೂರಗಳಲ್ಲಿ ಏನೇ ನಡೆಯುತ್ತಿರಲಿ, ನಮ್ಮ ಮಟ್ಟದಲ್ಲಿ ಅದು ಕೆಲವೇ ಸ್ಥಿರಾಂಕಗಳ ಬೆಲೆಯಾಗಿ ಮಾತ್ರ ಕಾಣುತ್ತದೆ. ಆದ್ದರಿಂದಲೇ ಆ ಬೆಲೆಗಳನ್ನು ಪ್ರಯೋಗದಿಂದ ತೆಗೆದುಕೊಳ್ಳುವುದು ಮೋಸವಲ್ಲ. ಎರಡನೆಯದಾಗಿ, ಈ ಸ್ಥಿರಾಂಕಗಳು ನಾವು ಯಾವ ಶಕ್ತಿಯ ಮಟ್ಟದಲ್ಲಿ ನೋಡುತ್ತೇವೆಂಬುದಕ್ಕೆ ತಕ್ಕಂತೆ ಬದಲಾಗುತ್ತವೆ. ಇದು ಬರೀ ಮಾತಲ್ಲ. ಕಡಿಮೆ ಶಕ್ತಿಯಲ್ಲಿ ಆಲ್ಫಾದ ಬೆಲೆ ಸುಮಾರು 137ರಲ್ಲಿ ಒಂದು ಭಾಗ. 91 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಅದು ಸುಮಾರು 128ರಲ್ಲಿ ಒಂದು ಭಾಗ. ಪ್ರಬಲ ಬಲಕ್ಕೆ ಇದು ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ: ಶಕ್ತಿ ಹೆಚ್ಚಿದಂತೆ ಬಲ ಕುಗ್ಗುತ್ತದೆ. 1973ರಲ್ಲಿ ಇದನ್ನು ಕಂಡುಹಿಡಿದ ಗ್ರಾಸ್, ವಿಲ್ಚೆಕ್ ಮತ್ತು ಪೊಲಿಟ್ಜರ್ ಅವರಿಗೆ 2004ರಲ್ಲಿ ನೊಬೆಲ್ ಸಿಕ್ಕಿತು.

ಹಳೆಯ ಪಾಠದಲ್ಲಿ 'ರೀನಾರ್ಮಲೈಸ್ ಮಾಡಲಾಗದ' ಸಿದ್ಧಾಂತವೆಂದರೆ ಕೆಟ್ಟ ಸಿದ್ಧಾಂತ. 1934ರ ಫರ್ಮಿಯ ಬೀಟಾ ಕ್ಷಯ ಸಿದ್ಧಾಂತಕ್ಕೆ ಈ ಹಣೆಪಟ್ಟಿ ಅಂಟಿತ್ತು. ಹೊಸ ದೃಷ್ಟಿಯಲ್ಲಿ ಅದು ಕೆಟ್ಟದ್ದಲ್ಲ, ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುವ ಪ್ರಾಮಾಣಿಕ ಸಿದ್ಧಾಂತ. ಅದರ ಸ್ಥಿರಾಂಕದಿಂದ ಒಂದು ಶಕ್ತಿಯನ್ನು ಕಟ್ಟಿದರೆ ಸುಮಾರು 300 ಗಿಗಾ ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಅಷ್ಟರೊಳಗೆ ಹೊಸದೇನೋ ಕಾಣಿಸಲೇಬೇಕು ಎಂಬುದು ಆ ಸಿದ್ಧಾಂತದ ಎಚ್ಚರಿಕೆ. 1983ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಡಬ್ಲ್ಯೂ ಮತ್ತು ಝೆಡ್ ಕಣಗಳು ಸಿಕ್ಕವು. ಅವುಗಳ ದ್ರವ್ಯರಾಶಿ ಸುಮಾರು 80 ಮತ್ತು 91 ಗಿಗಾ ಎಲೆಕ್ಟ್ರಾನ್ ವೋಲ್ಟ್. ಬೀಟಾ ಕ್ಷಯದ ಶಕ್ತಿ ಇದಕ್ಕಿಂತ ಹತ್ತಾರು ಸಾವಿರ ಪಟ್ಟು ಕಡಿಮೆ. ಡಬ್ಲ್ಯೂ ಕಣದ ಸುಳಿವೇ ಇಲ್ಲದೆ ಫರ್ಮಿಯ ಲೆಕ್ಕ ಸರಿಯಾದದ್ದು ಈ ಕಾರಣದಿಂದ. ಇಂಥ ಸಿದ್ಧಾಂತಗಳಿಗೆ ಇಂದು ಎಫೆಕ್ಟಿವ್ ಕ್ಷೇತ್ರ ಸಿದ್ಧಾಂತ ಎನ್ನುತ್ತಾರೆ. ಕಣ ಭೌತ ವಿಜ್ಞಾನದ ಇಡೀ ಸ್ಟ್ಯಾಂಡರ್ಡ್ ಮಾಡೆಲ್ ಕೂಡ ಇಂಥದೇ ಒಂದು ಎಂಬುದು ಇಂದಿನ ಬಹುಪಾಲು ಭೌತ ವಿಜ್ಞಾನಿಗಳ ಅಭಿಪ್ರಾಯ.

ಉಳಿದ ಪುಸ್ತಕಗಳು

ಈ ದೃಷ್ಟಿಯನ್ನು ಮೊದಲೇ ಕೊಡುವ ಪುಸ್ತಕಗಳು ಇಲ್ಲವೇ? ಇವೆ, ಆದರೆ ಪ್ರತಿಯೊಂದಕ್ಕೂ ಅದರದೇ ಆದ ಕೊರತೆಯಿದೆ.

ಸ್ಟೀವನ್ ವೈನ್‌ಬರ್ಗ್ ಅವರ ಮೂರು ಸಂಪುಟಗಳು 1995, 1996 ಮತ್ತು 2000ದಲ್ಲಿ ಬಂದವು. ಕ್ಷೇತ್ರ ಏಕೆ ಬೇಕು ಎಂಬ ಪ್ರಶ್ನೆಯನ್ನು ಇವರಷ್ಟು ಆಳವಾಗಿ ಕೇಳಿದ ಪಠ್ಯ ಲೇಖಕರು ಬೇರೊಬ್ಬರಿಲ್ಲ ಎನ್ನಬಹುದು. ಕಣಗಳಿಂದ ಹೊರಟು, ಸಾಪೇಕ್ಷತೆ ಮತ್ತು ಕ್ವಾಂಟಂ ನಿಯಮಗಳೆರಡನ್ನೂ ಒಟ್ಟಿಗೆ ಪಾಲಿಸಬೇಕಾದರೆ ಕ್ಷೇತ್ರಗಳು ಅನಿವಾರ್ಯವೆಂದು ತೋರಿಸುತ್ತಾರೆ. ರೀನಾರ್ಮಲೈಸ್ ಮಾಡಲು ಬರಬೇಕೆಂಬ ಷರತ್ತು ನಿಜವಾಗಿಯೂ ಅಗತ್ಯವೇ ಎಂದು ಮೊದಲ ಸಂಪುಟದಲ್ಲೇ ಚರ್ಚಿಸುತ್ತಾರೆ. ಆದರೆ ಅದರ ಸಂಕೇತಗಳ ಕಾಡಿನಲ್ಲಿ ಹೊಸಬ ದಾರಿ ತಪ್ಪುವುದು ಖಂಡಿತ. ಇದು ಎರಡನೆಯ ಸಲ ಕಲಿಯುವವರ ಪುಸ್ತಕ. ಅಧ್ಯಾಪಕರ ಮೇಜಿನ ಮೇಲೆ ಇರಲೇಬೇಕು.

ಆಂಥನಿ ಝೀ ಅವರ ಪುಸ್ತಕ 2003ರಲ್ಲಿ ಬಂದು, 2010ರಲ್ಲಿ ಎರಡನೆಯ ಆವೃತ್ತಿ ಕಂಡಿತು. ಕೂಡುವ ಮಿತಿ ಎಂಬುದು ನಮ್ಮ ಅಜ್ಞಾನದ ಗಡಿ ಎಂಬ ಮಾತನ್ನು ಇವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನಮ್ಮ ಪರೀಕ್ಷಕರ ಪ್ರಶ್ನೆಗೆ ಉತ್ತರಿಸುವ ಧೈರ್ಯ ಇದನ್ನು ಓದಿದವರಿಗೆ ಬರುತ್ತದೆ. ಆದರೆ ಇದೊಂದನ್ನೇ ಓದಿದವರಿಗೆ ಎರಡು ಹಲಗೆ ತುಂಬುವ ಆ ಲೆಕ್ಕ ಬರುವುದಿಲ್ಲ. ಸಂಭಾಷಣೆಯಂತೆ ಓದಿಸಿಕೊಂಡು ಹೋಗುವ ಶೈಲಿ, ಅರ್ಥವಾಯಿತೆಂಬ ಭ್ರಮೆಯನ್ನೂ ಹುಟ್ಟಿಸಬಲ್ಲದು.

ಮ್ಯಾಥ್ಯೂ ಶ್ವಾರ್ಟ್ಸ್ ಅವರ 2014ರ ಪುಸ್ತಕ ನನ್ನ ಮಟ್ಟಿಗೆ ಸರಿಯಾದ ದಿಕ್ಕಿನಲ್ಲಿದೆ. ರೀನಾರ್ಮಲೈಸೇಷನ್ ಭಾಗವನ್ನು ಅವರು ಆರಂಭಿಸುವುದು ಕ್ಯಾಸಿಮಿರ್ ಪರಿಣಾಮದಿಂದ. ಎರಡು ಲೋಹದ ಹಾಳೆಗಳ ನಡುವೆ ನಿರ್ವಾತದ ಶಕ್ತಿಯನ್ನು ಕೂಡಿದರೆ ಅನಂತ ಬರುತ್ತದೆ. ಮಿತಿ ಹಾಕಿ ಕೂಡಿದರೆ, ಮಿತಿಯನ್ನು ಅವಲಂಬಿಸಿದ ದೊಡ್ಡ ಭಾಗ ಹಾಳೆಗಳ ಅಂತರಕ್ಕೆ ಸಮಾನುಪಾತದಲ್ಲಿರುತ್ತದೆ. ಹಾಳೆಯ ಹೊರಗಿನ ಜಾಗದಲ್ಲೂ ಅಂಥದೇ ಭಾಗವಿರುವುದರಿಂದ ಅವೆರಡರ ಮೊತ್ತ ಅಂತರವನ್ನು ಅವಲಂಬಿಸುವುದಿಲ್ಲ. ಬಲಕ್ಕೆ ಅದರ ಕೊಡುಗೆ ಸೊನ್ನೆ. ಉಳಿಯುವುದು ಚಿಕ್ಕದೊಂದು ಸಾಂತ ಬಲ. 1948ರಲ್ಲಿ ಕ್ಯಾಸಿಮಿರ್ ಲೆಕ್ಕ ಮಾಡಿದ ಈ ಬಲವನ್ನು 1997ರಲ್ಲಿ ಲಮೋರೊ ನಿಖರವಾಗಿ ಅಳೆದರು. ಇಲ್ಲಿ ಯಾರೂ ಅನಂತವನ್ನು ಗುಡಿಸಿ ಹಾಕಿಲ್ಲ. ಅಳೆಯುವ ರಾಶಿಯಲ್ಲಿ ಅದು ಮೊದಲಿನಿಂದಲೂ ಇರಲಿಲ್ಲ, ಅಷ್ಟೇ. ಆದರೆ ಈ ಅಧ್ಯಾಯ ಬರುವುದು 15ನೆಯದಾಗಿ! ದಪ್ಪದಲ್ಲಿ ಪುಸ್ತಕ ಪೆಸ್ಕಿನ್‌ಗೆ ಸಮ.

ನಮ್ಮವರೇ ಆದ ಅಮಿತಾಭ ಲಾಹಿರಿ ಮತ್ತು ಪಲಾಶ್ ಪಾಲ್ ಅವರ ಮೊದಲ ಪಾಠದ ಪುಸ್ತಕವನ್ನೂ ಇಲ್ಲಿ ನೆನೆಯಬೇಕು. ಹೆಜ್ಜೆಗಳು ಚಿಕ್ಕವು, ಭಾಷೆ ನೇರ, ಗಾತ್ರ ಕೈಗೆ ಹೊಂದುವಂಥದು. ಮೊದಲ ಸಲ ಕಲಿಯುವವರಿಗೆ ಲೆಕ್ಕದ ಭಯವನ್ನು ಕಳೆಯುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ವಿಲ್ಸನ್ನರ ದೃಷ್ಟಿಗೆ ಬೇರೆ ಕಡೆ ಹೋಗಬೇಕು. ಕೇಂಬ್ರಿಜ್‌ನಲ್ಲಿ ಡೇವಿಡ್ ಟಾಂಗ್ 2006ರಲ್ಲಿ ಮಾಡಿದ ಪಾಠಗಳ ಟಿಪ್ಪಣಿಯೂ ಉಚಿತವಾಗಿ ಸಿಗುತ್ತದೆ. ಬಹಳ ಸೊಗಸಾದ ಟಿಪ್ಪಣಿ, ಆದರೆ ಅನಂತಗಳು ಆರಂಭವಾಗುವ ಮೊದಲೇ ಅದು ಮುಗಿಯುತ್ತದೆ.

ಒಂದು ಆಕ್ಷೇಪ, ಒಂದು ಸಲಹೆ

ನನ್ನ ಸಹೋದ್ಯೋಗಿಗಳು ಒಂದು ಆಕ್ಷೇಪ ಎತ್ತುತ್ತಾರೆ. ಅದರಲ್ಲಿ ಸತ್ಯವಿದೆ. "ದೃಷ್ಟಿ, ದೃಷ್ಟಿ ಎನ್ನುತ್ತಾ ಕೂತರೆ ಲೆಕ್ಕ ಕಲಿಯುವುದು ಯಾವಾಗ? ಲೆಕ್ಕ ಬಾರದವನಿಗೆ ದೃಷ್ಟಿ ಬರೀ ಹರಟೆ." ಒಪ್ಪುತ್ತೇನೆ. ಆ ವಿದ್ಯಾರ್ಥಿನಿ ಎರಡು ಹಲಗೆ ಲೆಕ್ಕ ಮಾಡಿರದಿದ್ದರೆ, ಪರೀಕ್ಷಕರ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಲೆಕ್ಕವನ್ನು ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಲೆಕ್ಕದ ಕ್ರಮವನ್ನು ಬದಲಿಸಿ ಎನ್ನುತ್ತಿದ್ದೇನೆ. ಅದಕ್ಕೆ ಬೇಕಾಗುವುದು ಮೂರೋ ನಾಲ್ಕೋ ಗಂಟೆ.

ಈಗ ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಸೆಮಿಸ್ಟರಿನ ಮೊದಲ ವಾರವೇ ಅನಂತ ತಂತಿಯ ಲೆಕ್ಕವನ್ನು ಮಿತಿ ಹಾಕಿ ಮಾಡಿಸುತ್ತೇನೆ. ಕ್ಷೇತ್ರವನ್ನು ಆಂದೋಲಕಗಳಾಗಿ ಬಿಡಿಸಿದ ಕೂಡಲೇ, ಬೇರೆ ಯಾವ ವಿಷಯಕ್ಕೂ ಹೋಗುವ ಮೊದಲು, ಒಂದು ಆಯಾಮದ ಕ್ಯಾಸಿಮಿರ್ ಲೆಕ್ಕವನ್ನು ಕೊಡುತ್ತೇನೆ. ಅದಕ್ಕೆ ಫೈನ್‌ಮನ್ ಚಿತ್ರಗಳು ಬೇಕಿಲ್ಲ, ಒಂದು ಶ್ರೇಣಿಯನ್ನು ಕೂಡಲು ಬಂದರೆ ಸಾಕು. ಅನಂತರ ಪೆಸ್ಕಿನ್ ಪುಸ್ತಕದ ಮೊದಲ ಆರು ಅಧ್ಯಾಯಗಳು ಎಂದಿನಂತೆ. 6ನೆಯ ಅಧ್ಯಾಯದ ಮುನ್ನ ಎರಡು ಗಂಟೆ ಬಿಡುವು ಮಾಡಿಕೊಂಡು ಫರ್ಮಿ ಸಿದ್ಧಾಂತದ ಕಥೆಯನ್ನೂ 12ನೆಯ ಅಧ್ಯಾಯದ ಆರಂಭದ ಪುಟಗಳನ್ನೂ ಹೇಳುತ್ತೇನೆ. ಪಠ್ಯಕ್ರಮವನ್ನು ಬದಲಿಸಲು ಅಧ್ಯಯನ ಮಂಡಳಿಯ ಅನುಮತಿ ಬೇಕು. ಕ್ರಮವನ್ನು ಬದಲಿಸಲು ಬೇಕಾಗಿಲ್ಲ.

ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರಿಗೆ ಇನ್ನೊಂದು ಮಾತು. ನೀವು ಕ್ಷೇತ್ರ ಸಿದ್ಧಾಂತವನ್ನು ಕಲಿಸದಿರಬಹುದು. ಆದರೆ ಅನಂತ ತಂತಿಯನ್ನು ಪ್ರತಿ ವರ್ಷವೂ ಕಲಿಸುತ್ತೀರಿ. ಮುಂದಿನ ಸಲ ಸೂತ್ರ ಬರೆದು ಮುಂದೆ ಹೋಗುವ ಮೊದಲು, "ತಂತಿ ಎರಡೇ ಮೀಟರ್ ಇದ್ದಿದ್ದರೆ?" ಎಂದು ಒಮ್ಮೆ ಕೇಳಿ ನೋಡಿ.

ಪರೀಕ್ಷಕರಿಗೆ ಉತ್ತರ

ಕೊನೆಗೆ, ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ವಿದ್ಯುದಂಶಕ್ಕೆ ಸೇರಿದ ಅನಂತ ಪದವು, ಎಲೆಕ್ಟ್ರಾನಿನ ಕ್ಷೇತ್ರದ ಅಳತೆಯನ್ನು ನಿಗದಿ ಮಾಡುವಾಗ ಬರುವ ಅಷ್ಟೇ ದೊಡ್ಡ ಇನ್ನೊಂದು ಪದದೊಡನೆ, ವಾರ್ಡ್ ಅವರ ನಿಯಮದಂತೆ ವಜಾ ಆಗುತ್ತದೆ. ಇದು ಲೆಕ್ಕದ ಉತ್ತರ. ಅರ್ಥದ ಉತ್ತರ ಬೇರೆ. ಚಿಕ್ಕ ದೂರಗಳ ಗೊತ್ತಿಲ್ಲದ ಸಂಗತಿಗಳು ನಮ್ಮ ಸಿದ್ಧಾಂತದೊಳಗೆ ಬರಲು ಕೆಲವೇ ಬಾಗಿಲುಗಳಿವೆ: ದ್ರವ್ಯರಾಶಿ, ವಿದ್ಯುದಂಶ, ಕ್ಷೇತ್ರದ ಅಳತೆ. ಆ ಬೆಲೆಗಳನ್ನು ಪ್ರಯೋಗವೇ ಹೇಳಬೇಕು. ಮ್ಯಾಗ್ನೆಟಿಕ್ ಮೊಮೆಂಟಿನ ತಿದ್ದುಪಡಿಗೆ ಅಂಥ ಬಾಗಿಲಿಲ್ಲ. ಆದ್ದರಿಂದ ಸಿದ್ಧಾಂತ ಅದನ್ನು ತಾನೇ ಹೇಳಬೇಕಾಗುತ್ತದೆ, ಸಾಂತವಾಗಿಯೇ ಹೇಳಬೇಕಾಗುತ್ತದೆ. ಗೊತ್ತಿಲ್ಲದ ಭಾರವಾದ ಕಣಗಳಿದ್ದರೆ ಅವುಗಳ ಪರಿಣಾಮ, ಎಲೆಕ್ಟ್ರಾನಿನ ದ್ರವ್ಯರಾಶಿಗೂ ಅವುಗಳ ದ್ರವ್ಯರಾಶಿಗೂ ಇರುವ ಅನುಪಾತದ ವರ್ಗದಂತೆ ಸಾಮಾನ್ಯವಾಗಿ ಕುಗ್ಗುತ್ತದೆ. ಎರಡು ಮೀಟರ್ ತಂತಿಯ ತುದಿಯಂತೆಯೇ.

2023ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಎಲೆಕ್ಟ್ರಾನಿಗೆ ಈ ತಿದ್ದುಪಡಿ 0.00115965218059. ಶ್ವಿಂಗರ್ ಅವರ ಮೊದಲ ಹೆಜ್ಜೆಗೆ ಮುಂದಿನ ಹೆಜ್ಜೆಗಳನ್ನು ಸೇರಿಸುತ್ತಾ ಹೋದರೆ ಸಿದ್ಧಾಂತವೂ ಈ ಅಂಕಿಯ ತೀರಾ ಹತ್ತಿರಕ್ಕೆ ಬರುತ್ತದೆ. ಮ್ಯೂಆನ್ ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರ. ವರ್ಗದ ಲೆಕ್ಕದಲ್ಲಿ, ಭಾರವಾದ ಹೊಸ ಕಣಗಳ ಸುಳಿವು ಅದರಲ್ಲಿ ಸುಮಾರು 43,000 ಪಟ್ಟು ಹೆಚ್ಚಾಗಿ ಕಾಣಬೇಕು. ಅಮೆರಿಕದ ಫರ್ಮಿ ಪ್ರಯೋಗಾಲಯದಲ್ಲಿ ಮ್ಯೂಆನಿನ ಇದೇ ತಿದ್ದುಪಡಿಯನ್ನು ವರ್ಷಗಟ್ಟಲೆ ಅಳೆದು, 2025ರ ಜೂನ್‌ನಲ್ಲಿ ಅಂತಿಮ ಫಲಿತಾಂಶ ಪ್ರಕಟಿಸಿದ್ದು ಈ ಕಾರಣಕ್ಕಾಗಿ. ಅವರು ತಂತಿಯ ತುದಿಯನ್ನು ಹುಡುಕುತ್ತಿದ್ದರು.

ನೀವು ವಿದ್ಯಾರ್ಥಿಗಳಾಗಿದ್ದರೆ, ನಿಮ್ಮ ಅಧ್ಯಾಪಕರು ಅನಂತವನ್ನು ಕಳೆಯುವ ದಿನ ಕೈ ಎತ್ತಿ "ಏಕೆ ಕಳೆಯಬಹುದು ಸರ್?" ಎಂದು ಕೇಳಿ. ಪರೀಕ್ಷೆಯ ದಿನ ಆ ಪ್ರಶ್ನೆ ನಿಮಗೆ ಎದುರಾಗುವುದಕ್ಕಿಂತ, ತರಗತಿಯ ದಿನ ಅವರಿಗೆ ಎದುರಾಗುವುದು ಎಲ್ಲರಿಗೂ ಒಳ್ಳೆಯದು.